ಕೆಮ್ಮಣ್ಣಿನ ಸೀಮೆಯ ಬೆಳಕಿನ ಪಂಚಾಂಗ

ಮೇ ತಿಂಗಳಲ್ಲಿ ಸಂಡೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ. ಮನೆ ಮುಂದೆ ಹಂದರ ಹಾಕಿದ್ದರು. ಸುರಗಿ ನೀರು ಮುಗಿಸಿಕೊಂಡು ಮದುಮಗ ಹೊಸ ಬಿಳಿ ಪಂಚೆ, ಬಿಳಿ ಶರ್ಟು ತೊಟ್ಟು, ಬಾಸಿಂಗ ಕಟ್ಟಿಕೊಂಡು ಹಂದರದಿಂದ ಈಚೆ ಬಂದು ನಿಂತ. ಫೋಟೊ ತೆಗೆದು ಕ್ಯಾಮೆರಾದ ಪರದೆ ನೋಡಿದರೆ ಬಿಳಿ ಪಂಚೆ ತಿಳಿಗುಲಾಬಿಗೆ ತಿರುಗಿದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಗಳ ಸುತ್ತ ಕೆಂಪು. ಕೆಲಸಕ್ಕೆ ಹೊಸಬನಾಗಿದ್ದ ನಾನು ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾದೆ. ನನಗೆ ಕೆಲಸ ಕಲಿಸುತ್ತಿದ್ದ ಹಿರಿಯರು ಪರದೆಯನ್ನು ನೋಡಲೂ ಇಲ್ಲ. "ಕ್ಯಾಮೆರಾ ನೆಟ್ಟಗ ಐತಿ. ನೆಲ ನೋಡು" ಅಂದರು. ಹಂದರದ ಮೂಲೆಯಲ್ಲಿ ಮಡಚಿಟ್ಟಿದ್ದ ಬಿಳಿ ಹಾಸನ್ನು ತಂದು ಮದುಮಗನ ಕಾಲ ಮುಂದೆ ಹಾಸಿದರು. ಮತ್ತೊಮ್ಮೆ ತೆಗೆದಾಗ ಪಂಚೆ ಬಿಳಿಯಾಗಿತ್ತು.

ದೋಣಿಮಲೈ, ಸಂಡೂರು ಸೀಮೆಯ ನೆಲ ಕಬ್ಬಿಣದ ನೆಲ. ಇಲ್ಲಿ ಬಿಸಿಲು ಮೇಲಿನಿಂದ ಮುಖಕ್ಕೆ ಬೀಳುವುದಷ್ಟೇ ಅಲ್ಲ, ನೆಲಕ್ಕೆ ಬಿದ್ದು, ಕೆಂಪು ಬಳಿದುಕೊಂಡು, ಕೆಳಗಿನಿಂದ ಮತ್ತೆ ಮುಖಕ್ಕೇರುತ್ತದೆ. ಅದನ್ನು ಕಣ್ಣು ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿಳಿಯನ್ನು ಬಿಳಿಯೆಂದೇ ತಿದ್ದಿಕೊಂಡು ನೋಡುತ್ತದೆ. ಕ್ಯಾಮೆರಾ ಬಂದದ್ದನ್ನು ಬಂದಂತೆ ಬರೆದುಕೊಳ್ಳುತ್ತದೆ. ಫೋಟೊಗ್ರಾಫರನ ಕೆಲಸ ಬಟನ್ ಒತ್ತುವುದು ಎಂದುಕೊಂಡವರಿಗೆ ನಾನು ಮೊದಲು ಹೇಳುವುದು ಈ ಪಂಚೆಯ ಕಥೆಯನ್ನೇ. ಊರಿನ ಬೆಳಕು ಯಾವ ತಿಂಗಳಲ್ಲಿ ಏನು ಮಾಡುತ್ತದೆ ಎಂದು ತಿಳಿದಿರುವುದೇ ಈ ವೃತ್ತಿಯ ವಿದ್ಯೆ. ಕ್ಯಾಮೆರಾವನ್ನು ದುಡ್ಡು ಕೊಟ್ಟರೆ ಯಾರಾದರೂ ತರಬಹುದು.

ನಮ್ಮ ಸ್ಟುಡಿಯೊದ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರ್ ಇರಲೇಬೇಕು. ಅದು ಪೂಜೆಗಲ್ಲ, ಹೊಟ್ಟೆಪಾಡಿಗೆ. ಕಾರ್ತಿಕದಲ್ಲಿ ತುಳಸಿ ಮದುವೆ ಮುಗಿದರೆ ಮನುಷ್ಯರ ಮದುವೆ ಶುರು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮುಹೂರ್ತವಿಲ್ಲ. ಮಾಘ, ಫಾಲ್ಗುಣದಲ್ಲಿ ಮತ್ತೆ ಓಡಾಟ. ಯುಗಾದಿ ಕಳೆದ ಮೇಲೆ ವೈಶಾಖದಲ್ಲಿ ಉಸಿರಾಡಲು ಬಿಡುವಿಲ್ಲ. ಆಷಾಢದಲ್ಲಿ ಬಾಗಿಲು ತೆರೆದುಕೊಂಡು ಕೂರುವುದಷ್ಟೇ. ಶ್ರಾವಣದಲ್ಲಿ ಸ್ವಲ್ಪ ಚೇತರಿಕೆ, ಪಿತೃಪಕ್ಷದಲ್ಲಿ ಮತ್ತೆ ಖಾಲಿ. ಇದು ಸರಿಯಾಗಿ ನಡೆದ ವರ್ಷದ ಮಾತು. 2023ರಲ್ಲಿ ಶ್ರಾವಣವೇ ಅಧಿಕವಾಗಿ ಬಂತು, ಆಷಾಢದ ಹಿಂದೆಯೇ ಇನ್ನೊಂದು ತಿಂಗಳು ಕೈ ಕಟ್ಟಿ ಕೂತೆವು. 2024ರಲ್ಲಿ ಶುಕ್ರ ಅಸ್ತವಾಗಿ ಮೇ, ಜೂನ್ ಎರಡೂ ಹೋದವು. ವರ್ಷದ ಅರ್ಧ ಗಳಿಕೆ ಬರುವ ತಿಂಗಳುಗಳು ಅವು. ಆಕಾಶದಲ್ಲಿ ಒಂದು ಗ್ರಹ ಸೂರ್ಯನ ಸಮೀಪ ಹೋಗಿ ಕಾಣದಾದರೆ ದೋಣಿಮಲೈಯಲ್ಲಿ ಕ್ಯಾಮೆರಾದ ಕಂತು ಬಾಕಿ ಉಳಿಯುತ್ತದೆ. ಆಲ್ಬಮ್ ಬೈಂಡಿಂಗ್‌ನವರು, ಹೂವಿನವರು, ಹಂದರದವರು, ಅಡುಗೆಯವರು ಎಲ್ಲರದ್ದೂ ಇದೇ ಪಾಡು.

ಬೇಸಿಗೆಯ ಮದುವೆಗೆ ಇನ್ನೊಂದು ತೊಡಕಿದೆ. ನಮ್ಮ ಸೀಮೆ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್ ಎರಡನೇ ವಾರದ ಹೊತ್ತಿಗೆ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಕಾಯುತ್ತದೆ, ಮೇ ತಿಂಗಳಲ್ಲಿ ಕಾಯುವವರಿಲ್ಲ. ಆ ಬೆಳಕಿನಲ್ಲಿ ಹುಬ್ಬಿನ ಕೆಳಗೆ ಕಣ್ಣು ಎರಡು ಕಪ್ಪು ಗುಳಿಯಾಗುತ್ತವೆ, ಮೂಗಿನ ನೆರಳು ಮೀಸೆಯಂತೆ ತುಟಿಗಿಳಿಯುತ್ತದೆ. ಎಷ್ಟು ಚೆಂದದ ಮುಖವಾದರೂ ದಣಿದಂತೆ ಕಾಣುತ್ತದೆ. ಹಾಗಾಗಿ ಮದುಮಕ್ಕಳ ಹೊರಾಂಗಣದ ಫೋಟೊ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು ಎಂದು ಮನೆಯವರಿಗೆ ಗೋಗರೆಯುತ್ತೇವೆ. ಮೇಕಪ್ಪಿನವರು ಬಿಡುವ ಹೊತ್ತಿಗೆ ಹತ್ತೂವರೆ. ಆಗ ಬೇವಿನ ಮರ, ಹುಣಸೆ ಮರ ಹುಡುಕುತ್ತೇವೆ. ಮರದ ನಡುನೆರಳಿಗಿಂತ ಅದರ ಅಂಚೇ ಒಳ್ಳೆಯದು, ಅಲ್ಲಿ ಮುಖಕ್ಕೆ ತೆರೆದ ಆಕಾಶದ ತಂಪು ಬೆಳಕು ಸಿಗುತ್ತದೆ.

ಉಷ್ಣತೆ 40 ಡಿಗ್ರಿ ದಾಟಿದ ದಿನ ಫ್ಲ್ಯಾಶ್ ಕಾದು ನಿಂತುಬಿಡುತ್ತದೆ. ಧೂಳಂತೂ ಹೇಳತೀರದು. ಅದಿರಿನ ಲಾರಿ ಓಡುವ ರಸ್ತೆಯ ಬದಿಯಲ್ಲಿ ಲೆನ್ಸ್ ಬದಲಿಸಿದರೆ ಕೆಂಪು ಕಣ ಒಳಗೆ ಹೋಗಿ ಸೆನ್ಸರಿನ ಮೇಲೆ ಕೂತಿತೆಂದೇ ಅರ್ಥ. ಆಮೇಲೆ ತೆಗೆದ ಪ್ರತಿ ಫೋಟೊದ ಆಕಾಶದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ನಾವು ಕಾರಿನ ಗಾಜು ಏರಿಸಿ, ಒಳಗೆ ಕೂತು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಲೆನ್ಸ್ ಬದಲಿಸುತ್ತೇವೆ. ಎರಡು ಕ್ಯಾಮೆರಾಕ್ಕೆ ಎರಡು ಲೆನ್ಸ್ ಹಾಕಿ, ದಿನವಿಡೀ ಬಿಚ್ಚದೆ ಇರುವುದು ಇನ್ನೂ ಮೇಲು.

ಇಷ್ಟೆಲ್ಲ ಸಿದ್ಧತೆ ಒಂದು ಗಳಿಗೆಗಾಗಿ. ಅಂತರಪಟ ಸರಿದು, ಸುತ್ತ ನಿಂತ ಐನೂರು ಕೈಗಳಿಂದ ಅಕ್ಕಿಕಾಳು ಬೀಳುವ ಗಳಿಗೆ. ಹುಡುಗಿಯ ತಾಯಿ ಆಗ ಎಲ್ಲಿ ನಿಂತಿರುತ್ತಾಳೆ ಎಂಬುದನ್ನು ನಾನು ಮೊದಲೇ ನೋಡಿಟ್ಟುಕೊಂಡಿರುತ್ತೇನೆ. ಆಲ್ಬಮ್ ಬಂದ ಮೇಲೆ ಮನೆಯವರು ಬೆರಳಿಟ್ಟು ನಿಲ್ಲುವುದು ಮದುಮಕ್ಕಳ ಭಂಗಿಗಳ ಮೇಲಲ್ಲ, ಆ ತಾಯಿಯ ಮುಖದ ಮೇಲೆ. ಆ ಅರ್ಧ ನಿಮಿಷ ತಪ್ಪಿದರೆ ಎರಡನೇ ಸಲ ಇಲ್ಲ. "ಇನ್ನೊಮ್ಮೆ ಹಾಕಿ" ಎಂದು ಕೇಳುವ ಫೋಟೊಗ್ರಾಫರರೂ ಇದ್ದಾರೆ. ನಾನು ಕೇಳುವುದಿಲ್ಲ. ಮುಹೂರ್ತ ಅವರದ್ದು, ಅದನ್ನು ಹಿಡಿಯುವ ಹೊಣೆ ನನ್ನದು.

ಜೂನ್ ಕಳೆದರೆ ಈ ಸೀಮೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಹೇಳಿದ್ದರೆಂಬುದನ್ನು ಸಂಡೂರಿನವರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಆ ತಿಂಗಳ ಬೆಳಕಿನಲ್ಲಿ ಕೆಲಸ ಮಾಡಿದವನಿಗೆ ಅದರ ಅರ್ಥ ಬೇರೆಯಾಗಿಯೇ ತಿಳಿಯುತ್ತದೆ. ಕೆಂಪು ನೆಲದ ಮೇಲೆ ಹುಲ್ಲು ಹಬ್ಬಿ, ಕೆಳಗಿನಿಂದ ಏರುತ್ತಿದ್ದ ಕೆಂಪು ಇಲ್ಲವಾಗುತ್ತದೆ. ಗುಡ್ಡದ ಮೇಲೆ ಮೋಡ ಕೂತರೆ ಇಡೀ ಆಕಾಶವೇ ಬಿಳಿ ಪರದೆ. ನೆರಳಿಗೆ ಅಂಚಿಲ್ಲ, ವಯಸ್ಸಾದ ಮುಖದ ಸುಕ್ಕೂ ಮೃದುವಾಗುತ್ತದೆ. ಒಂಟಿ ಮುಖದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕಾಲ ವರ್ಷದಲ್ಲೇ ಇಲ್ಲ. ದುರ್ದೈವವೆಂದರೆ ಆಗಲೇ ಗಿರಾಕಿಯೂ ಇಲ್ಲ. ಹಾಗಾಗಿ ಆ ದಿನಗಳಲ್ಲಿ ತಾಂಡಾಗಳಿಗೆ ಹೋಗಿ ಲಂಬಾಣಿ ಅಜ್ಜಿಯರ ಫೋಟೊ ತೆಗೆಯುವುದು ನನ್ನ ರೂಢಿ. ಅವರ ಉಡುಪಿನಲ್ಲಿ ಕೂಡಿಸಿದ ಕನ್ನಡಿ ಬಿಲ್ಲೆಗಳ ಮೇಲೆ ಫ್ಲ್ಯಾಶ್ ಬಿದ್ದರೆ ಫೋಟೊ ತುಂಬ ಬಿಳಿ ಕಿಡಿಗಳೇ, ಮುಖ ಕಾಣುವುದಿಲ್ಲ. ಮೋಡದ ಬೆಳಕಿನಲ್ಲಿ ಅದೇ ಬಿಲ್ಲೆಗಳು ತಿಳಿ ಆಕಾಶವನ್ನು ತುಂಬಿಕೊಂಡು ಮುಖಕ್ಕೆ ಹೊಂದಿ ನಿಲ್ಲುತ್ತವೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು. ಬಟ್ಟೆಗಳ ಫೋಟೊ ಎಲ್ಲೆಡೆ ಬಂದವು. ಹೊಲಿದವರ ಮುಖಗಳೂ ಅಷ್ಟೇ ಜತನದಿಂದ ದಾಖಲಾಗಬೇಕು ಎಂಬುದು ನನ್ನ ಹಟ.

ಮಳೆಗಾಲಕ್ಕೂ ತನ್ನದೇ ಕಾಟ ಉಂಟು. ತೇವ ಹಿಡಿದ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸಲು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಪುಡಿಯ ಪೊಟ್ಟಣ ಹಾಕಿಡಬೇಕು. ಎಸಿ ಇರುವ ಕಲ್ಯಾಣ ಮಂಟಪದಿಂದ ಹೊರಗೆ ಬಂದ ಕೂಡಲೇ ಗಾಜಿನ ಮೇಲೆ ಹಬೆ ಕೂರುತ್ತದೆ, ಹತ್ತು ನಿಮಿಷ ಕಾಯಲೇಬೇಕು. ತುಂಗಭದ್ರೆ ತುಂಬಿ ಅಣೆಕಟ್ಟಿನ ಗೇಟು ತೆಗೆದರೆ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯ ಸೇತುವೆಯ ಮೇಲೂ ನೀರು ಹರಿಯುತ್ತದೆ. ಆಗ ಗಂಗಾವತಿ ಕಡೆಯ ಕಾರ್ಯಕ್ರಮ ಒಪ್ಪಿಕೊಂಡಿದ್ದರೆ ಸುತ್ತುಬಳಸಿ ಹೋಗಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ಕಳಚಿ ಕೊಚ್ಚಿಹೋದಾಗ ನಮ್ಮ ಬಳಗದವರು ಹಬ್ಬದ ಫೋಟೊ ಬಿಟ್ಟು ನದಿಯ ಕಡೆ ಓಡಿದ್ದರು.

ಆಷಾಢದ ಬಿಡುವಿನಲ್ಲಿ ನಾನು ಓದಿ ತಿಳಿದುಕೊಂಡದ್ದರಲ್ಲಿ ಹೆಚ್ಚಿನದು ಜಪಾನಿನ ಫೋಟೊಗ್ರಾಫರರ ವಿಚಾರ. ದೋಣಿಮಲೈಯವನಿಗೆ ಜಪಾನ್ ಎಲ್ಲಿಯ ನಂಟು ಎಂದು ಕೇಳಬಹುದು. ನಂಟು ಹಳೆಯದು. 1977ರಲ್ಲಿ ಇಲ್ಲಿ ಎನ್‌ಎಂಡಿಸಿ ಗಣಿ ಶುರುವಾದ ಮೇಲೆ ಈ ಗುಡ್ಡದ ಅದಿರು ಗೂಡ್ಸ್ ರೈಲಿನಲ್ಲಿ ಮದ್ರಾಸ್ ಬಂದರಿಗೆ ಹೋಗಿ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಹಡಗೇರುತ್ತಿತ್ತು. ಅಲ್ಲಿಂದ ನಮಗೆ ಬಂದದ್ದು ಯಾಶಿಕಾ, ನಿಕಾನ್, ಕ್ಯಾನನ್, ಫ್ಯೂಜಿ. ನಮ್ಮ ಸೀಮೆಯ ಯಾವ ಸ್ಟುಡಿಯೊದ ಕಪಾಟು ತೆರೆದರೂ ಜಪಾನಿನ ಹೆಸರೇ ಕಾಣುತ್ತದೆ.

ಅಲ್ಲಿಯ ಫೋಟೊಗ್ರಾಫರನ ವರ್ಷವೂ ಋತುವಿಗೇ ಕಟ್ಟಿಹಾಕಿದ್ದು. ಮಾರ್ಚ್ ಕೊನೆಗೆ ಸಕುರಾ ಹೂ. ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲಿ ಗೊತ್ತುಪಡಿಸಿದ ಒಂದು ಮರವಿದೆ. ಅದರಲ್ಲಿ ಐದಾರು ಹೂ ಅರಳಿದ್ದನ್ನು ಹವಾಮಾನ ಇಲಾಖೆಯವರು ಕಣ್ಣಾರೆ ನೋಡಿ ಹೂಗಾಲ ಶುರುವಾಯಿತೆಂದು ಸಾರುತ್ತಾರೆ. ಅಲ್ಲಿಂದ ಸುಮಾರು ಒಂದು ವಾರಕ್ಕೆ ಪೂರ್ತಿ ಅರಳಿ, ಒಂದು ಗಾಳಿಮಳೆಗೆ ಉದುರಿಹೋಗುತ್ತದೆ. ಮದುಮಕ್ಕಳ ಫೋಟೊ, ಶಾಲೆಗೆ ಸೇರುವ ಮಕ್ಕಳ ಫೋಟೊ ಎಲ್ಲ ಆ ಕೆಲವೇ ದಿನಗಳಿಗೆ ಜೋತುಬೀಳುತ್ತವೆ. ಜನವರಿಯ ಎರಡನೇ ಸೋಮವಾರ ಪ್ರಾಯಕ್ಕೆ ಬಂದ ಹುಡುಗ ಹುಡುಗಿಯರ ಹಬ್ಬ. ನವೆಂಬರ್ 15ರ ಆಸುಪಾಸಿನಲ್ಲಿ ಮೂರು, ಐದು, ಏಳು ವರ್ಷದ ಮಕ್ಕಳಿಗೆ ಕಿಮೊನೊ ತೊಡಿಸಿ ದೇಗುಲಕ್ಕೆ ಕರೆದೊಯ್ಯುವ 'ಶಿಚಿ-ಗೊ-ಸಾನ್'. ಆ ದಿನದ ನೂಕುನುಗ್ಗಲು ಬೇಡವೆಂದು ತಿಂಗಳುಗಟ್ಟಲೆ ಮೊದಲೇ ಸ್ಟುಡಿಯೊದಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದಕ್ಕೆ 'ಮಾಯೆದೊರಿ' ಎನ್ನುತ್ತಾರೆ, ಮುಂಚಿತವಾಗಿ ತೆಗೆಯುವುದು ಎಂದು. ಮದುವೆಗೂ ಹಾಗೆಯೇ. ನಾವು ಈಗೀಗ ಪ್ರೀ-ವೆಡ್ಡಿಂಗ್ ಎಂದು ಹಂಪಿಗೆ ಓಡುವುದೂ ಅದೇ ಜಾತಿಯದು.

ನನ್ನನ್ನು ಬಹಳ ಹಿಡಿದದ್ದು ಅವರ ಹಳೆಯ ಪಂಚಾಂಗ. ಅದು ವರ್ಷವನ್ನು 72 ತುಂಡು ಮಾಡಿ, ಐದೈದು ದಿನಕ್ಕೊಂದು ಹೆಸರಿಡುತ್ತದೆ: ಮಂಜು ಕರಗುವ ಕಾಲ, ಮಿಂಚುಹುಳ ಏಳುವ ಕಾಲ ಎಂಬ ಹಾಗೆ. ನಮ್ಮ ರೈತರಿಗೆ ಇದು ಹೊಸದಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುಷ್ಯ, ಮಖೆ, ಹುಬ್ಬೆ, ಉತ್ತರೆ, ಚಿತ್ತೆ, ಸ್ವಾತಿ ಎಂದು ಸುಮಾರು ಎರಡೆರಡು ವಾರಕ್ಕೊಂದು ಮಳೆಯ ಹೆಸರು ಅವರ ಬಾಯಲ್ಲಿದೆ. ನಾನೂ ಅದನ್ನೇ ನನ್ನ ಬೆಳಕಿನ ಲೆಕ್ಕಕ್ಕೆ ತಂದುಕೊಂಡೆ. ಮೃಗಶಿರದಲ್ಲಿ ಗಾಳಿ ತೊಳೆದಂತಾಗಿ ದೂರದ ಗುಡ್ಡ ಹತ್ತಿರ ಬರುತ್ತದೆ. ಉತ್ತರೆ, ಹಸ್ತದ ಹೊತ್ತಿಗೆ ಮೋಡದ ನಡುವೆ ಬಿರುಕು ಬಿಟ್ಟು ಸಂಜೆ ಐದರ ಬಿಸಿಲು ಗುಡ್ಡದ ಒಂದೇ ಮಗ್ಗುಲಿಗೆ ಬೀಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ಜಪಾನಿನವರ ಅದೃಷ್ಟ ನಮಗಿಲ್ಲ. ಟೋಕಿಯೊ ಇರುವುದು 35 ಡಿಗ್ರಿಗಿಂತ ಉತ್ತರಕ್ಕೆ. ಡಿಸೆಂಬರಿನ ನಡುಹಗಲಲ್ಲೂ ಅಲ್ಲಿ ಸೂರ್ಯ ಏರುವುದು ಸುಮಾರು 31 ಡಿಗ್ರಿ. ಇಡೀ ದಿನ ಓರೆ ಬಿಸಿಲು, ಮುಖಕ್ಕೆ ಹಿತ. ನಮ್ಮಲ್ಲಿ ಅದೇ ದಿನ 51 ಡಿಗ್ರಿ ಮೀರಿ ಏರುತ್ತಾನೆ. ಮುಳುಗುವಾಗಲೂ ನಮ್ಮ ಸೂರ್ಯ ನೆಟ್ಟಗೆ ಇಳಿದುಬಿಡುತ್ತಾನೆ, ಅವರದ್ದು ಓರೆಯಾಗಿ ಜಾರುತ್ತದೆ. ಆದ್ದರಿಂದ ಹೊನ್ನಿನ ಬಣ್ಣದ ಸಂಜೆ ಬೆಳಕು ನಮಗೆ ಸಿಗುವುದು ಕಡಿಮೆ ಹೊತ್ತು. ಹಂಪಿಯ ಹೇಮಕೂಟ ಗುಡ್ಡದ ಮೇಲೆ ನಿಂತವರು "ಇನ್ನೂ ಬೆಳಕೈತಿ ಬಿಡಿ" ಎನ್ನುವಷ್ಟರಲ್ಲಿ ಕತ್ತಲಾಗಿರುತ್ತದೆ.

ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆ, ಆಮೇಲೆ ಆಯುಧಪೂಜೆ, ದೋಣಿಮಲೈಗೆ ದೊಡ್ಡ ದಿನಗಳು. ಮನೆಯೆತ್ತರದ ಡಂಪರಿಗೆ ಬಾಳೆಕಂಬ ಕಟ್ಟಿ, ಅದರ ಚಕ್ರದ ಮುಂದೆ ಹೆಂಡತಿ ಮಕ್ಕಳೊಂದಿಗೆ ನಿಂತು ಡ್ರೈವರ್ ಫೋಟೊ ತೆಗೆಸಿಕೊಳ್ಳುತ್ತಾನೆ. ದೇಶದ ನಾನಾ ಕಡೆಯವರು ಇರುವ ಟೌನ್‌ಶಿಪ್ ಇದು. ತಿಂಗಳ ಕೊನೆಯ ದಿನ ನಿವೃತ್ತಿಯ ಬೀಳ್ಕೊಡುಗೆ ಇದ್ದೇ ಇರುತ್ತದೆ: ಹಾರ, ಶಾಲು, ಹಣ್ಣಿನ ಬುಟ್ಟಿ, ಮೂವತ್ತು ಮೂವತ್ತೈದು ವರ್ಷ ಜೊತೆಗೆ ದುಡಿದವರ ಗುಂಪು ಫೋಟೊ. 2018ರ ನವೆಂಬರಿನಲ್ಲಿ ಗುತ್ತಿಗೆ ನವೀಕರಣದ ತಕರಾರಿನಿಂದ ಗಣಿ ನಿಂತು 2021ರ ಫೆಬ್ರುವರಿಯವರೆಗೆ ಶುರುವಾಗದಿದ್ದಾಗ, ನಡುವೆ ಲಾಕ್‌ಡೌನ್ ಕೂಡ ಬಂದಾಗ, ಊರಿನ ಹಬ್ಬಗಳೇ ಸಣ್ಣವಾದವು. ಗಣಿಯ ಊರಿನಲ್ಲಿ ಫೋಟೊಗ್ರಾಫರನ ಅನ್ನವೂ ಗಣಿಯದ್ದೇ.

ಚಳಿಗಾಲವೆಂದರೆ ಹಂಪಿ. ಹಿಂದೆ ನವೆಂಬರ್ ಮೊದಲ ವಾರದಲ್ಲಿ ನಡೆಯುತ್ತಿದ್ದ ಹಂಪಿ ಉತ್ಸವ ಈಚೆಗೆ ಮುಂದಕ್ಕೆ ಸರಿದಿದೆ: 2023ರಲ್ಲಿ ಜನವರಿ ಕೊನೆ, 2024ರಲ್ಲಿ ಫೆಬ್ರುವರಿ ಆರಂಭ, 2025ರಲ್ಲಿ ಫೆಬ್ರುವರಿ ಕೊನೆ. ಮಾಘ, ಫಾಲ್ಗುಣದ ಮದುವೆಗಳ ಮೇಲೆಯೇ ಬಂದು ಬೀಳುತ್ತದೆ. ರಾತ್ರಿಯ ವೇದಿಕೆಯಲ್ಲಿ ಇನ್ನೊಂದು ಬಗೆಯ ಬೆಳಕು. ನಮ್ಮ ವಿದ್ಯುತ್ತು 50 ಹರ್ಟ್ಜ್, ದೀಪಗಳು ಸೆಕೆಂಡಿಗೆ ನೂರು ಸಲ ಮಿಡಿಯುತ್ತವೆ. ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಫೋಟೊದಲ್ಲಿ ಕಪ್ಪು ಪಟ್ಟೆ ಅಡ್ಡಬರುತ್ತದೆ. ಕ್ಯಾಮೆರಾದ ಮೆನುವಿನಲ್ಲಿ 50 ಬೇಕೋ 60 ಬೇಕೋ ಎಂದು ಕೇಳುವುದು ಏಕೆಂದು ಬಹಳ ಹುಡುಗರಿಗೆ ಗೊತ್ತಿಲ್ಲ. ದೇಶದೇಶಕ್ಕೆ ಈ ಲೆಕ್ಕ ಬೇರೆ. ಕ್ಯಾಮೆರಾ ತಯಾರಾಗುವ ಜಪಾನಿನಲ್ಲಂತೂ ಒಂದೇ ದೇಶದೊಳಗೆ ಎರಡೂ ಇವೆ: ಟೋಕಿಯೊ ಕಡೆ 50, ಒಸಾಕಾ ಕಡೆ 60.

ಹಂಪಿಗೆ ಹೋದಾಗಲೆಲ್ಲ ನಾನು ಎರಡು ಕಡೆ ನಿಲ್ಲುತ್ತೇನೆ. ಒಂದು, ವಿರೂಪಾಕ್ಷ ದೇವಾಲಯದ ಹಿಂಬದಿಯ ಕತ್ತಲ ಕೋಣೆ. ಅಲ್ಲಿಯ ಸಣ್ಣ ಕಿಂಡಿಯಿಂದ ಬೆಳಕು ತೂರಿಬಂದು, ಸುಮಾರು 50 ಮೀಟರ್ ಎತ್ತರದ ರಾಜಗೋಪುರದ ಬಿಂಬ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಕ್ಯಾಮೆರಾ ಎಂಬುದರ ಮೂಲತತ್ವ ಅಷ್ಟೇ: ಕತ್ತಲ ಕೋಣೆ, ಒಂದು ಕಿಂಡಿ, ಎದುರಿಗೊಂದು ಗೋಡೆ. ಕೆಲಸ ಕಲಿಯಲು ಬಂದ ಹುಡುಗರನ್ನು ಮೊದಲ ದಿನ ನಾನು ಕರೆದೊಯ್ಯುವುದು ಅಲ್ಲಿಗೆ.

ಇನ್ನೊಂದು, ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮುಂದೆ. ಐವತ್ತು ರೂಪಾಯಿ ನೋಟಿನ ಮೇಲಿರುವ ಅದೇ ರಥ. ಸ್ಟ್ಯಾಂಡ್ ಹೂಡಿ ತೆಗೆಯಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬೇಕಾದದ್ದೇ, ಕಂಬ ಹತ್ತಿ ಪೋಸ್ ಕೊಡುವವರನ್ನು ನಾನೂ ಇಳಿಸಿದ್ದೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದಿದ್ದ. ಮೇಣ ಹಚ್ಚಿದ ಕಾಗದವೇ ಅವನ ನೆಗೆಟಿವ್. ಅಂಥ ಅರವತ್ತರಷ್ಟು ನೆಗೆಟಿವ್‌ಗಳಲ್ಲಿ ಅವನು ಹಂಪಿಯನ್ನು ಹಿಡಿದ. ಅವನ ಚಿತ್ರದಲ್ಲಿ ಕಲ್ಲಿನ ರಥದ ತಲೆಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಅಂಥ ಹಳೆಯ ಚಿತ್ರಗಳು ಉಳಿಯದಿದ್ದರೆ ಶಿಖರ ಹೇಗಿತ್ತೆಂದು ಇಂದು ನಾವು ಕಣ್ಣಾರೆ ನೋಡಲಾಗುತ್ತಿರಲಿಲ್ಲ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಫೋಟೊಗ್ರಾಫರ್ ಜಾನ್ ಗಾಲಿಂಗ್ಸ್ ಅವನು ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

ಕಲ್ಲಿನ ಮಾತು ಹೀಗಿದ್ದರೆ ಮನುಷ್ಯರ ಮುಖದ ಮಾತೇನು? ಒಂದು ಆಷಾಢದ ಮಧ್ಯಾಹ್ನ ವಯಸ್ಸಾದ ತಾಯಿಯೊಬ್ಬರು ಸ್ಟುಡಿಯೊಕ್ಕೆ ಬಂದರು. ಸೆರಗಿನ ತುದಿಯಲ್ಲಿ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ ಚೀಲದಿಂದ ಅಂಗೈಯಗಲದ ಕಪ್ಪುಬಿಳುಪು ಫೋಟೊ ತೆಗೆದರು. ಗಣಿ ಕೆಲಸದವರ ಗುಂಪು, ಎರಡು ಸಾಲು, ತಲೆಗೆ ಟೊಪ್ಪಿಗೆ. ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವ ಒಬ್ಬ ತರುಣ.

"ತಮ್ಮಾ, ಇವರೊಬ್ಬರ ಮುಖ ಬ್ಯಾರೆ ಮಾಡಿ ದೊಡ್ಡದು ಮಾಡಿ ಕೊಡ್ತೀಯೇನಪ್ಪಾ? ವರ್ಷದ ತಿಥಿ ಬಂತು."

"ಬೇರೆ ಫೋಟೊ ಇಲ್ಲೇನಮ್ಮಾ? ಆಧಾರ್ ಕಾರ್ಡಿಂದು?"

"ಅದ್ರಾಗ ಅವರಂಗ ಇಲ್ಲಪ್ಪಾ. ಇದ್ರಾಗ ನಗಾಕತ್ಯಾರ."

ಅಕ್ಕಿಕಾಳಿನಷ್ಟು ಸಣ್ಣ ಮುಖವಾದರೂ ನಾವು ದೊಡ್ಡದು ಮಾಡಬಹುದು, ಆದರೆ ಆ ನಗು ಕೆಡಬಾರದು. ಹಲ್ಲು, ತುಟಿ ಎಲ್ಲ ನೆಟ್ಟಗೆ ಮಾಡುವ ಯಂತ್ರಗಳು ಈಗ ಬಂದಿವೆ, ನಾನು ಈ ಮುಖವನ್ನು ಅವಕ್ಕೆ ಒಪ್ಪಿಸಲಿಲ್ಲ. ಮೂರು ದಿನ ಕೂತು, ಕಲೆ ಮಾತ್ರ ತೆಗೆದು, ಮುಖವನ್ನು ಇದ್ದಂತೆಯೇ ಬಿಟ್ಟೆ. ಚೌಕಟ್ಟು ಹಾಕಿಸಿ ಕೊಟ್ಟಾಗ ಆ ತಾಯಿ ಗಾಜಿನ ಮೇಲೆ ಕೈಯಾಡಿಸಿ, "ಇವರ ಬಾಜೂಕ ನಿಂತಾತ ಯಾರಂತ ಮರ್ತೇ ಹೋಗೇತಿ" ಅಂದರು. ಫೋಟೊ ತಿರುಗಿಸಿ ನೋಡಿದೆ. ಹಿಂದೆ ಏನೂ ಬರೆದಿರಲಿಲ್ಲ. ಎರಡು ಸಾಲು ಜನ. ಈ ಗುಡ್ಡ ಅಗೆದವರು. ಅವರಲ್ಲಿ ಒಬ್ಬರ ಹೆಸರು ಬಿಟ್ಟರೆ ಇನ್ನಾರದ್ದೂ ಗೊತ್ತಾಗುವ ದಾರಿಯಿಲ್ಲ.

ಅಂದಿನಿಂದ ನನ್ನ ಸ್ಟುಡಿಯೊದಿಂದ ಹೊರಗೆ ಹೋಗುವ ಪ್ರತಿ ಪ್ರಿಂಟಿನ ಹಿಂದೆಯೂ ಊರು, ತಾರೀಖು, ಹೆಸರು ಬರೆದೇ ಕೊಡುತ್ತೇನೆ. ಓದುಗರಲ್ಲಿ ನನ್ನ ಬೇಡಿಕೆಯೂ ಅದೇ. ನಿಮ್ಮ ಮನೆಯ ಟ್ರಂಕಿನಲ್ಲಿ, ಹಳೆಯ ಬೀರುವಿನಲ್ಲಿ ಫೋಟೊಗಳಿದ್ದಾವು. ಈ ಭಾನುವಾರ ಅವನ್ನು ಹೊರಗೆ ತೆಗೆಯಿರಿ. ಬಾಲ್‌ಪೆನ್ ಬೇಡ, ಅದರ ಒತ್ತು ಮುಂದಿನ ಮುಖದ ಮೇಲೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಹಿಡಿದು, ಹಿಂಬದಿಯಲ್ಲಿ ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರು ಬರೆಯಿರಿ. ಹೆಸರು ಹೇಳಬಲ್ಲ ಹಿರಿಯರು ಪಕ್ಕದಲ್ಲಿ ಕೂತಿರುವಾಗಲೇ ಬರೆಯಿರಿ.